ಮಗ್ಗ ನಿಲ್ಲಿಸಿದ ಹಾಡುಗಳು

ಗಜೇಂದ್ರಗಡ
ಮೇ 14, ಬುಧವಾರ

ಈ ಡೈರಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ನಿರ್ಧರಿಸಿದ್ದೇನೆ. ಹಾಸ್ಟೆಲಿನಲ್ಲಿದ್ದಾಗ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ ತಾನೇ. ಆದರೆ ಮದುವೆಯಾದ ಮರುದಿನ ‘ಮೈ ಹಸ್ಬೆಂಡ್’ ಎಂದು ಬರೆದು ನೋಡಿದರೆ ಬೇರೆ ಯಾರದೋ ಗಂಡನ ಬಗ್ಗೆ ಬರೆದ ಹಾಗಾಯಿತು. ಹೊಡೆದು ಹಾಕಿದೆ. ಅಮರೇಶ. ಹೀಗೆ ಬರೆದರೆ ಅವನು ಇಲ್ಲೇ ಪಡಸಾಲೆಯಲ್ಲಿ ಕೂತು ಬೂಟು ಬಿಚ್ಚುತ್ತಿರುವ ಹಾಗಿದೆ. ಮಂದಿಯ ಮುಂದೆ ‘ರೀ’, ‘ಅವರು’. ಇಲ್ಲಿ ಮಾತ್ರ ‘ಅವನು’. ಇದು ನನ್ನ ಪುಟ, ಯಾರು ಕೇಳುತ್ತಾರೆ?

ಮದುವೆಯಾಗಿ ಒಂದು ವಾರ. ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ ಗುಡ್ಡದ ಮೇಲೆ ಸಾಲಾಗಿ ಬಿಳಿ ಗಾಳಿಯಂತ್ರಗಳು, ನಿದ್ದೆಗಣ್ಣಿನಲ್ಲಿ ಮೈ ಮುರಿಯುತ್ತಿರುವ ದೇವತೆಗಳ ಹಾಗೆ ತಿರುಗುತ್ತಿರುತ್ತವೆ. ಊರಿನವರು ಅವನ್ನು ಬರೀ ‘ಫ್ಯಾನು’ ಎನ್ನುತ್ತಾರೆ. ನನ್ನ ಗಂಡ ಅವುಗಳೊಳಗೆ ಏಣಿ ಹತ್ತಿ ಹೋಗಿ ರಿಪೇರಿ ಮಾಡುವವನು. ಅವನು ದಿನವೂ ಆಕಾಶಕ್ಕೆ ಹತ್ತಿ ಸಂಜೆ ನನ್ನ ಕಡೆಗೆ ಇಳಿದು ಬರುತ್ತಾನೆ. ಬರೆಯುತ್ತಿದ್ದರೆ ನನಗೇ ನಗು ಬರುತ್ತದೆ, ಆದರೆ ನಿಜ.

ನಾನು ಹಾಡು ಕೇಳಿ ಮದುವೆಯಾದವಳು. ಡಿಸೆಂಬರಿನಲ್ಲಿ ರೋಣದ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ ನಿನಗೇನು ಇಷ್ಟ ಎಂದು ಕೇಳಿದ. ಯಾರೂ ಕೇಳದ ಹಾಡು ಹುಡುಕುವುದು, ಯಾರೂ ನೋಡದ ಸಿನಿಮಾ ನೋಡುವುದು ಎಂದೆ. ಅದಕ್ಕೆ ಮೊದಲು ಬಂದಿದ್ದ ವರ ಹಾಗಾದರೆ ಟಿವಿಯ ಹಾಡಿನ ಸ್ಪರ್ಧೆಗೆ ಹೋಗಬಹುದಲ್ಲ ಎಂದಿದ್ದ. ಅಮರೇಶ ನಗಲಿಲ್ಲ. ಉಪ್ಪಿಟ್ಟಿನ ತಟ್ಟೆ ನೋಡುತ್ತ ಸ್ವಲ್ಪ ಯೋಚಿಸಿ, “ಸಿಕ್ರ ಕಳಸ್ತೀನ್ರಿ” ಎಂದ.

ಮಾರನೆಯ ಸಂಜೆಯಿಂದಲೇ ನನ್ನ ಫೋನಿಗೆ ಹಾಡು ಬರತೊಡಗಿದವು. ಐದು ತಿಂಗಳು, ದಿನಕ್ಕೊಂದು. ಎಂಥ ಹಾಡುಗಳು! ಹಿಮದ ಬೆಟ್ಟದ ನಾಲ್ಕು ಹೆಂಗಸರು ಯಾವ ವಾದ್ಯವೂ ಇಲ್ಲದೆ ಹಾಡಿದ್ದು. ಆಫ್ರಿಕಾದ ಯಾವುದೋ ನದಿ ದಂಡೆಯಲ್ಲಿ ಸೋರೆಬುರುಡೆಯ ತಂತಿ ಮೀಟುವ ಮುದುಕ. ಇಷ್ಟು ವರ್ಷ ಹುಡುಕಿದ ನನಗೇ ಸಿಗದವು. ಪ್ರತಿ ಹಾಡಿನ ಕೆಳಗೆ ಒಂದು ಸಾಲು. ನಾಲ್ಕು ಹೆಂಗಸರ ಹಾಡಿಗೆ: “ಒಂದ ಕಂಬಳಿ ನಾಲ್ಕೂ ಮಂದಿ ಹೊತ್ಕೊಂಡಾಂಗ ಐತಿ.” ಮುದುಕನದಕ್ಕೆ: “ನೀರಿನ ಜೋಡಿ ಜಗಳಾಡಿ ಈಗ ರಾಜಿ ಆಗ್ಯಾನ.” ಉಜ್ಬೆಕ್ ಹೆಂಗಸೊಬ್ಬಳ ಹಾಡಿಗೆ: “ಯಾರನೋ ಕರದು, ಅವರು ಬಂದ ಮ್ಯಾಲ ಯಾಕ ಕರದೆ ಅನ್ನೋದ ಮರತಾಂಗ.” ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಒಂದು ದಿನವಂತೂ ಹಾಡಿನ ಕೆಳಗೆ ಬರೀ ಇಷ್ಟೇ ಇತ್ತು: “ಗಾಳಿ ಭಾಳ ಐತಿ ಇವತ್ತ.” ಆ ಹಾಡಿನಲ್ಲಿ ಗಾಳಿ ಎಲ್ಲಿದೆ ಎಂದು ಹುಡುಕುತ್ತ ನನ್ನ ಹಳೆ ಡೈರಿಯಲ್ಲಿ ಎರಡು ಪುಟ ಬರೆದಿದ್ದೆ.

ಇಂಥ ಕಿವಿ ಇರುವವನು ನನಗೆ ಸಿಕ್ಕಿದ್ದಾನೆ. ಮದುವೆಯಾದ ಮೇಲೆ ಹಾಡು ಕಳಿಸಿಲ್ಲ. ಯಾಕೆ ಕಳಿಸಬೇಕು, ನಾನೇ ಇಲ್ಲಿದ್ದೇನಲ್ಲ.

ಮೇ 18, ಭಾನುವಾರ

ಇವತ್ತು ಅವನಿಗೆ ರಜೆ. ಮಧ್ಯಾಹ್ನ ಕಿಟಕಿಗೆ ಹಳೆ ಸೀರೆ ಕಟ್ಟಿ, ಕತ್ತಲು ಮಾಡಿ, ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ಹಾಕಿದೆ. ಉತ್ತರದ ಯಾವುದೋ ಸಣ್ಣ ದೇಶದ್ದು, ಕಪ್ಪು ಬಿಳುಪು, ಮಾತು ಇಲ್ಲವೆನ್ನುವಷ್ಟು ಕಡಿಮೆ. ಒಬ್ಬ ಹೆಂಗಸು ಒಂದು ಆಡನ್ನು ಹಿಡಿದುಕೊಂಡು ನದಿ ದಂಡೆಯಲ್ಲಿ ದೋಣಿಗೆ ಕಾಯುತ್ತಾಳೆ. ಅಷ್ಟೇ ಕಥೆ. ಮಂಜು ಬರುತ್ತದೆ, ಹೋಗುತ್ತದೆ. ನನಗೆ ಎರಡು ಸಲ ಕಣ್ಣು ತುಂಬಿತು.

ತಿರುಗಿ ನೋಡಿದರೆ ಅಮರೇಶ ಮಲಗಿಬಿಟ್ಟಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಪಾಪ, ವಾರವಿಡೀ ಏಣಿ. ನಿದ್ದೆಯಲ್ಲೂ ಆ ಸಿನಿಮಾ ಅವನೊಳಗೆ ಇಳಿದಿರುತ್ತದೆ, ಅಂಥ ಸಿನಿಮಾಗಳು ಹಾಗೆಯೇ.

ಅತ್ತೆ ಬಾಗಿಲ ಬಳಿ ಕೂತು ಕಡಲೆ ಹಸನು ಮಾಡುತ್ತಿದ್ದರು. ಹಾಲು ಉಕ್ಕುವ ವಾಸನೆಗೆ ನಡುವೆ ಎದ್ದು ಹೋದರು. ಆಮೇಲೆ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಕೇಳಿದರು: “ಆ ದೋಣಿ ಬಂತೇನವಾ?”

ಬರಲಿಲ್ಲ ಎಂದೆ.

“ಬರಬಾರದು ಬಿಡು. ಬಂದಿದ್ರ ಆಕಿ ಆ ಆಡಿಗೆ ಏನ ಹೇಳ್ತಿದ್ಲು?”

ಎಷ್ಟು ಮುಗ್ಧರು ನಮ್ಮ ಅತ್ತೆ! ಅವನು ಎದ್ದ ಮೇಲೆ, ನಿಮ್ಮ ಅವ್ವನಿಗೆ ಆಡಿನದೇ ಚಿಂತೆ ಎಂದು ಹೇಳಿ ನಕ್ಕೆ. ಅವನೂ ನಕ್ಕ. ಸಿನಿಮಾ ಹೇಗಿತ್ತು ಎಂದರೆ “ಚಲೋ ಇತ್ತು” ಎಂದ. ಹೆಚ್ಚು ಮಾತಾಡುವವನಲ್ಲ. ಅವನ ಮಾತೆಲ್ಲ ಆ ಸಾಲುಗಳಲ್ಲಿದೆ.

ಮೇ 29, ಗುರುವಾರ

ಇವತ್ತು ಒಂದು ಚಮತ್ಕಾರವಾಯಿತು.

ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆ. ಗೋಡೆಯ ಆಚೆ ಮಗ್ಗದ ಕೋಣೆ. ಲಟಕ್ ಲಟಕ್ ಎಂದು ಸಪ್ಪಳ ನಡೆದೇ ಇರುತ್ತದೆ, ಅದರ ಜೊತೆ ಅತ್ತೆಯ ಫೋನಿನಿಂದ ಏನೇನೋ ಹಾಡು. ನಾನು ಕಿವಿಗೊಟ್ಟವಳೇ ಅಲ್ಲ. ಥಟ್ಟನೆ ಮಗ್ಗ ನಿಂತಿತು. ಆ ನಿಶ್ಶಬ್ದದಲ್ಲಿ ಆ ಉಜ್ಬೆಕ್ ಹೆಂಗಸು ಹಾಡುತ್ತಿದ್ದಳು. ನಮ್ಮ ಹಾಡು! ಯಾರನ್ನೋ ಕರೆದು, ಯಾಕೆ ಕರೆದೆ ಎಂದು ಮರೆತವಳು!

ಓಡಿದೆ. ಅತ್ತೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೈ ಮಡಿಲಲ್ಲಿಟ್ಟು ಕೂತಿದ್ದರು. ಫೋನು ಗೋಡೆಯ ಗೂಡಿನಲ್ಲಿ, ಮಾವನ ಫೋಟೋದ ಕೆಳಗೆ. ಮಾವ ಅಂದಾನಪ್ಪ ತೀರಿಕೊಂಡು ಮೂರು ವರ್ಷವಾಯಿತಂತೆ. ಆಗ ಇಲ್ಲಿ ಎದುರುಬದುರು ಎರಡು ಮಗ್ಗ. ಒಂದರ ಸಪ್ಪಳ ನಿಂತ ಮೇಲೆ ಕೋಣೆ ಬಿಕೋ ಎನ್ನುತ್ತದೆಂದು ಅಮರೇಶ ಅವ್ವನಿಗೆ ಈ ಫೋನು ತಂದುಕೊಟ್ಟ.

ಈ ಹಾಡು ನಿಮಗೆ ಹೇಗೆ ಸಿಕ್ಕಿತು ಎಂದು ಕೇಳಿದೆ.

“ತಾನ ಬರ್ತೈತಿ. ಒಂದ ಮುಗದ್ರ ಇನ್ನೊಂದ. ಕೈಯ್ಯಾಗ ಲಾಳಿ, ಕಾಲಾಗ ಮಗ್ಗ, ಬ್ಯಾಡಂತ ಬದಲಿ ಮಾಡಾಕ ಯಾರ ಏಳ್ತಾರ ಕುಣ್ಯಾಗಿಂದ? ಮುಂಜಾನೆ ವಚನ ಹಚ್ಚಿರ್ತೀನಿ, ಮಧ್ಯಾಹ್ನಕ್ಕ ಯಾವ ದೇಶದಾಗ ಇರ್ತೀನೋ ನನಗೂ ಗೊತ್ತಿರೂದಿಲ್ಲ.”

ನನಗೆ ಅರ್ಥವಾಯಿತು. ಅಮರೇಶ ಎಂದೋ ಅವ್ವನ ಫೋನಿನಲ್ಲಿ ಈ ಹಾಡು ಕೇಳಿಸಿರಬೇಕು, ಅದಕ್ಕೇ ಮತ್ತೆ ಬರುತ್ತದೆ. ತಾಯಿಗೂ ಒಳ್ಳೆಯದನ್ನು ಹಂಚುವ ಮಗ. ನನಗೆ ಅವನ ಮೇಲೆ ಇನ್ನಷ್ಟು ಪ್ರೀತಿ ಬಂತು.

ಜೂನ್ 4, ಬುಧವಾರ

ಮೂರು ದಿನ ಕೂತು ಅತ್ತೆಗಾಗಿ ಹಾಡಿನ ಪಟ್ಟಿ ಮಾಡಿದೆ. ಪಾಪ, ಫೋನು ಏನು ಕೊಟ್ಟರೆ ಅದನ್ನೇ ಕೇಳಬೇಕು ಅವರು; ನಡುನಡುವೆ ಜಾಹೀರಾತು, ಕಸ. ನಾನು ಇಷ್ಟು ವರ್ಷ ಹುಡುಕಿ ಕೂಡಿಟ್ಟ ಅತ್ಯುತ್ತಮವಾದವನ್ನೆಲ್ಲ ಸೇರಿಸಿದೆ. ಯಾವುದರ ಮುಂದೆ ಯಾವುದು ಬಂದರೆ ಚೆಂದ ಎಂದು ಯೋಚಿಸಿ ಯೋಚಿಸಿ ಜೋಡಿಸಿದೆ: ಬೆಳಿಗ್ಗೆಗೆ ಕೊಳಲು, ಬಿಸಿಲೇರಿದಂತೆ ಡೋಲು, ಸಂಜೆಗೆ ಪೋರ್ಚುಗೀಸ್ ಅಳು. ಬೇರೆ ಏನೂ ತಾನಾಗಿ ಬರದ ಹಾಗೆ ಫೋನನ್ನು ಸರಿ ಮಾಡಿಕೊಟ್ಟೆ.

ಚಲೋ ಅದಾವ ಎಂದರು ಅತ್ತೆ. ಮಗ್ಗ ಒಂದು ಕ್ಷಣವೂ ನಿಲ್ಲದೆ ಇಡೀ ದಿನ ನಡೆಯಿತು. ಹಾಡಿನ ಗತ್ತಿಗೆ ಕೆಲಸವೂ ಹಗುರಾಗಿರಬೇಕು.

ಅಮರೇಶನಿಗೆ ಪಟ್ಟಿ ತೋರಿಸಿದೆ. ಸ್ವಲ್ಪ ಹೊತ್ತು ಫೋನನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು, “ಭಾಳ ಮಾಡೀದಿ” ಎಂದು ಕೈತೊಳೆಯಲು ಎದ್ದು ಹೋದ.

ಜೂನ್ 14, ಶನಿವಾರ

ಹೇಗೆ ಬರೆಯಲಿ? ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಓಣಿಯ ಆಚೆ ಬದಿಯ ಕಾಶೀಂಬಿ ಮಧ್ಯಾಹ್ನ ಬಂದು ಅತ್ತೆಗೆ ಕಂಡಿಕಿ ಸುತ್ತಿಕೊಡುತ್ತಾಳೆ. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿ ಅದು. ಅತ್ತೆಯ ವಯಸ್ಸಿನವಳೇ. ರಾಟೆಗಿಂತ ಬಾಯಿ ಜೋರು. ನನ್ನನ್ನು ಇನ್ನೂ ‘ಮದಲಗಿತ್ತಿ’ ಎಂದೇ ಕರೆಯುತ್ತಾಳೆ. ನಾನು ಚಹಾ ಒಯ್ದೆ. ನನ್ನ ಹಾಡುಗಳು ಹೇಗಿವೆ ಎಂದು ಅವಳನ್ನೂ ಕೇಳಿದೆ, ಹೊಗಳಿಕೆಯ ಆಸೆ.

“ಚಲೋ ಅದಾವ ಬಿಡಬೇ. ಆದ್ರ ಅವು ಬಂದಾಗಿಂದ ನಿಮ್ಮತ್ತಿ ಮಗ್ಗ ಒಮ್ಮೆನೂ ನಿಂತಿಲ್ಲ.”

ಕೆಲಸ ಜೋರಾಗಿ ನಡೆದಿದೆ ಅಂದರೆ ಒಳ್ಳೆಯದೇ ಆಯಿತಲ್ಲ ಎಂದೆ. ಕಾಶೀಂಬಿ ರಾಟೆ ನಿಲ್ಲಿಸಿ ನನ್ನ ಮುಖ ನೋಡಿ ನಕ್ಕಳು.

“ಮೊದಲ, ದಿನಕ್ಕ ಒಂದ್ಸಲನಾದ್ರೂ ಯಾವುದಾರ ಹಾಡಿಗೆ ಈಕಿ ಲಾಳಿ ಬಿಟ್ಟು ಕುಂದರಾಕಿ. ಸಂಜಿಮುಂದ ಅಮರೇಶ ಬಂದು, ಅವ್ವಾ ಇವತ್ತ ಯಾವುದಕ್ಕ ನಿಂತಿ ಅಂತ ಕೇಳಾಂವ. ಈಕಿ ಹೇಳಾಕಿ, ಮುದುಕ ನೀರಿನ ಜೋಡಿ ರಾಜಿ ಆಗಿದ್ದು ಅಂತ. ಅಂವಾ ಫೋನಿನ್ಯಾಗ ಹಿಂದಹಿಂದಕ್ಕ ಹೋಗಿ, ಇದನ? ಇದನ? ಅಂತ ಒಂದೊಂದ ಹಚ್ಚಿ ಹುಡುಕಾಂವ. ತಾಯಿ ಮಗನ ಆ ಆಟ ನೋಡಾಕಂತ ನಾ ಮನಿಗೆ ತಡಾ ಮಾಡಿ ಹೋಗ್ತಿದ್ದೆ. ನಿಮ್ಮ ಲಗ್ನ ಆತು, ಆಟ ಮುಗೀತು. ಹೊಸಾ ಹೇಣ್ತಿ ಬಂದ ಮ್ಯಾಲ ಅವ್ವ ಯಾರಿಗೆ ನೆನಪಿರ್ತಾಳ?”

“ಸುಮ್ಮನ ಕಂಡಿಕಿ ಸುತ್ತ, ಕಾಶೀಂಬಿ,” ಎಂದರು ಅತ್ತೆ. ಲಾಳಿ ಓಡುತ್ತಲೇ ಇತ್ತು. ನನ್ನ ಕೊಳಲು ಹಾಡುತ್ತಲೇ ಇತ್ತು.

ಮುದುಕ. ನೀರು. ರಾಜಿ.

ಜೂನ್ 15, ಭಾನುವಾರ

ಮಾಳಿಗೆಯ ಮೇಲೆ ಅವನೊಬ್ಬನೇ ಇದ್ದಾಗ ಕೇಳಿದೆ. ಸಂಜೆ, ಗುಡ್ಡದ ಫ್ಯಾನುಗಳು ಕೆಂಪಾಗಿದ್ದವು. ಇಷ್ಟು ಚೆಂದದ ಸಂಜೆಯಲ್ಲಿ ಇಂಥ ಮಾತೇ ಎಂದು ನನಗೇ ಅಯ್ಯೋ ಅನ್ನಿಸಿತು.

ಹಾಡುಗಳು ಅವ್ವನವೇ ಎಂದು ಕೇಳಿದೆ. ಹೌದು ಎಂದ.

ಆ ಸಾಲುಗಳು?

“ಅವೂ ಅವ್ವನವ. ಆಕಿ ಅಂದಿದ್ದನ್ನ ನಾ ಬರದು ಕಳಿಸಿದೆ.”

ನಿಮ್ಮದು ಎಂದು ನಾನು ತಿಳಿದುಕೊಂಡಿದ್ದೇನೆ ಎಂಬುದು ನಿಮಗೆ ಗೊತ್ತಿರಲಿಲ್ಲವೇ ಎಂದೆ. ಗೊತ್ತಿತ್ತು ಎಂದ. ಮೊದಲ ವಾರವೇ ಹೇಳಬೇಕೆಂದಿದ್ದನಂತೆ. ಆದರೆ ನಾನು ಅಷ್ಟುದ್ದದ ಉತ್ತರ ಬರೆಯುತ್ತಿದ್ದೆ, ಅದು ನಿಂತುಹೋದರೆ ಎಂದು ಹೆದರಿದನಂತೆ.

“ನನಗ ಹಾಡು ತಿಳಿಯೂದಿಲ್ಲ, ನೀಲಾ. ಇಡೀ ದಿನಾ ಕಿವ್ಯಾಗ ಫ್ಯಾನಿನ ಸಪ್ಪಳ ತುಂಬಿರ್ತೈತಿ. ಮನಿಗೆ ಬಂದ್ರ ಯಾರೂ ಏನೂ ಅನ್ನದಿದ್ರ ಸಾಕು ಅನಸ್ತೈತಿ.”

“ಹಂಗಾದ್ರ ನಿಮ್ಮದು ಅಂತ ಏನಿತ್ತು ಅದರಾಗ?”

ಗುಡ್ಡದ ಕಡೆ ತಿರುಗಿದ. ಕೊನೆಗೆ, “ಹುಡುಕಿದ್ದು ನಂದು,” ಎಂದ.

ನಾನು ಕೆಳಗಿಳಿದು ಬಂದೆ. ನಾನು ಮದುವೆಯಾದದ್ದು ಯಾರನ್ನು?

ಜೂನ್ 16, ಸೋಮವಾರ

ಅತ್ತೆಯ ಫೋನಿನಿಂದ ನನ್ನ ಪಟ್ಟಿಯನ್ನು ತೆಗೆದೆ. ಮೊದಲಿನ ಹಾಗೆ ತಾನಾಗಿ ಬರುವಂತೆ ಮಾಡಿಟ್ಟೆ. ಇವತ್ತಿಗೆ ಇಷ್ಟೇ.

ಜೂನ್ 24, ಮಂಗಳವಾರ
ರೋಣ

ನಾಳೆ ಅಮಾವಾಸ್ಯೆ, ನಾಡಿದ್ದರಿಂದ ಆಷಾಢ. ಹೊಸ ಸೊಸೆ ಮತ್ತು ಅತ್ತೆ ಈ ತಿಂಗಳು ಒಂದೇ ಹೊಸ್ತಿಲು ದಾಟಬಾರದು. ಅದಕ್ಕೆ ತವರಿಗೆ ಬಂದೆ. ಬೇರೆ ಹುಡುಗಿಯರು ಈ ತಿಂಗಳು ಗಂಡನನ್ನು ನೆನೆದು ಅಳುತ್ತಾರೆ. ನನಗೆ ಇದು ಬಂದದ್ದೇ ಒಳ್ಳೆಯದಾಯಿತು.

ಅತ್ತೆಗೆ ಏನೂ ಗೊತ್ತಿಲ್ಲ. ತಾನು ನೇಯುತ್ತ ಆಡಿದ ಮಾತುಗಳು ರೋಣಕ್ಕೆ ಬಂದು ನನ್ನ ದಿಂಬಿನ ಕೆಳಗೆ ಮಲಗುತ್ತಿದ್ದವೆಂದು ಗೊತ್ತಿಲ್ಲ. ಮಗ ಐದು ತಿಂಗಳು ಸಂಜೆ ಬಂದು ಪಕ್ಕದಲ್ಲಿ ಕೂತದ್ದು ತನಗಾಗಿ ಎಂದೇ ತಿಳಿದಿದ್ದಾರೆ. ನಾನು ಹೇಗೆ ಹೇಳಲಿ?

ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಟಿಕೊಡುತ್ತ ಹೇಳಿದರು: “ಒಂದ ತಿಂಗಳಾ ನಿನ್ನ ಮಾರಿ ನಾ ನೋಡಬಾರದು, ನನ್ನ ಮಾರಿ ನೀ ನೋಡಬಾರದು. ಅತ್ತಿ ಸೊಸಿಗೆ ಜಗಳದಿಂದ ಸೂಟಿ ಇರಲಿ ಅಂತ ಯಾರೋ ಶ್ಯಾಣ್ಯಾ ಮಾಡಿರಬೇಕು. ನಾವು ಇನ್ನೂ ಜಗಳನ ಆಡಿಲ್ಲ, ಸುಮ್ಮನ ಸೂಟಿ ಖರ್ಚಾತು.” ಎಷ್ಟು ದಿನಗಳ ಮೇಲೆ ನಕ್ಕೆ.

ಅಮರೇಶ ಬಸ್ ಸ್ಟ್ಯಾಂಡಿಗೆ ಬಂದ. ಬ್ಯಾಗು ಮೇಲಿಟ್ಟು, ಕೆಳಗಿಳಿದು, ನನ್ನ ಕಿಟಕಿಯ ಬಳಿ ನಿಂತ. ಏನೋ ಹೇಳುತ್ತಾನೆ ಎಂದು ಕಾದೆ. ಬಸ್ಸು ಹೊರಟಿತು, ಅದರ ಜೊತೆ ನಾಲ್ಕು ಹೆಜ್ಜೆ ನಡೆದ.

“ಇಟಗಿ ದಾಟಿದ ಮ್ಯಾಲ ರಸ್ತಾ ಕೆಟ್ಟೈತಿ. ಹಿಂದಿನ ಸೀಟಿಗೆ ಹೋಗಬ್ಯಾಡ.”

ಇದು ಅವನದೇ ಸಾಲು. ನೋಡಿಕೋ ನೀಲಾ, ಇದು ನಿನ್ನ ಗಂಡನ ಕವಿತೆ.

(ರಸ್ತೆ ನಿಜವಾಗಿಯೂ ಕೆಟ್ಟಿತ್ತು. ನಾನು ಮುಂದೆ ಕೂತಿದ್ದೆ.)

ಜುಲೈ 3, ಗುರುವಾರ

ಅಪ್ಪನ ಸೀರೆ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳಿಲ್ಲ. ಅಪ್ಪ ಮಲಗಲು ಮನೆಗೆ ಹೋದರೆ ಗಲ್ಲಾಪೆಟ್ಟಿಗೆಯ ಹತ್ತಿರ ನಾನು ಕೂತಿರುತ್ತೇನೆ. ಇದೇ ಅಂಗಡಿಗೆ ಅತ್ತೆ ನೇಯ್ದ ಸೀರೆಗಳು ಬರುತ್ತಿದ್ದವು. ಸಂಬಂಧ ಕುದುರಿದ್ದೂ ಹಾಗೆಯೇ. ಕಪಾಟಿನಲ್ಲಿ ಇನ್ನೂ ಎರಡಿವೆ. ಒಂದರ ಸೆರಗು ಮೂಸಿ ನೋಡಿದೆ. ಇದರೊಳಗೆ ಯಾವ ಯಾವ ದೇಶದ ಹಾಡು ಸೇರಿ ನೇಯ್ದುಹೋಗಿದೆಯೋ.

ಫೋನಿನಲ್ಲಿ ಆ ಐದು ತಿಂಗಳ ಮಾತುಗಳನ್ನು ಮತ್ತೆ ಓದಿದೆ. ಸಿಟ್ಟಿನಿಂದ ಓದಲು ಕೂತವಳು. ಹಾಡು ಕೆಲವು ದಿನ ಏಳಕ್ಕೆ, ಕೆಲವು ದಿನ ಒಂಬತ್ತಕ್ಕೆ ಬಂದಿದೆ. ಒಂದು ದಿನ ಬರೆದಿದ್ದಾನೆ: “ಇವತ್ತ ಸಿಗವಲ್ದು. ಇನ್ನೂ ನೋಡಾಕತ್ತೀನಿ.” ಆಗ ನಾನು ಇದನ್ನು ಓದಿ ಎಂಥ ರಸಿಕ, ಯಾವುದೋ ಅಪರೂಪದ ಹಾಡಿಗಾಗಿ ಒದ್ದಾಡುತ್ತಿದ್ದಾನೆ ಎಂದುಕೊಂಡಿದ್ದೆ. ಈಗ ಬೇರೆ ಚಿತ್ರ ಕಾಣುತ್ತದೆ. ಬೂಟು ಕೂಡ ಬಿಚ್ಚದೆ ಮಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತು, ತನಗೆ ತಿಳಿಯದ ಹಾಡುಗಳನ್ನು ಒಂದೊಂದಾಗಿ ಹಚ್ಚಿ, ಇದನ, ಇದನ ಎಂದು ಕೇಳುವವನು. ಸುಮ್ಮನಿದ್ದರೆ ಸಾಕು ಎನ್ನುವ ಕಿವಿಯವನು.

“ಗಾಳಿ ಭಾಳ ಐತಿ ಇವತ್ತ.” ಕುಣಿಯಲ್ಲಿ ಕೂತ ಅತ್ತೆಗೆ ಗಾಳಿ ಎಲ್ಲಿ ಗೊತ್ತಾಗುತ್ತದೆ? ಅದೊಂದು ಅವನದೇ ಇರಬೇಕು. ಹಾಡಿನ ಬಗ್ಗೆ ಅಲ್ಲವೇ ಅಲ್ಲ. ಅವತ್ತು ಗಾಳಿ ಬಹಳ ಇತ್ತು, ಅಷ್ಟೇ. ನಾನು ಎರಡು ಪುಟ ಬರೆದೆ.

ಜುಲೈ 9, ಬುಧವಾರ

ದಿನವೂ ಸಂಜೆ “ಊಟ ಆತ?” ಎಂದು ಬರುತ್ತದೆ. “ಆತು” ಎಂದು ಕಳಿಸುತ್ತೇನೆ.

ಅವ್ವನಿಗೆ ಆಷಾಢ ಮುಗಿದ ಮೇಲೂ ಸ್ವಲ್ಪ ದಿನ ಇರಲೇ ಎಂದು ಕೇಳಿದೆ. ನಮ್ಮವ್ವ ರೇಣುಕವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ, ನನ್ನನ್ನು ನೋಡಲೂ ಇಲ್ಲ.

“ಆಷಾಢ ಮುಗದ್ರ ಪಂಚಮಿ ಐತಿ. ಪಂಚಮಿ ಮುಗದ್ರ ಮತ್ತೊಂದ ಬರ್ತೈತಿ. ಇರಾಕ ನೆವಾ ಭಾಳ ಸಿಗ್ತಾವ. ನೀ ಹೊಳ್ಳಿ ಹೋಗಾಕಿ ಹೌದೋ ಅಲ್ಲೋ, ಅದನ್ನ ಹೇಳು.”

ನನಗೇ ಗೊತ್ತಿದ್ದರೆ ತಾನೇ ಹೇಳುವುದು.

ಜುಲೈ 13, ಭಾನುವಾರ

ಬೆಳಿಗ್ಗೆ ಹತ್ತರ ಸುಮಾರಿಗೆ ಅಮರೇಶನಿಂದ ಒಂದು ಧ್ವನಿ ಫೈಲು ಬಂತು. ಕೆಳಗೆ ಹೀಗಿತ್ತು: “ನನ್ನ ಹತ್ರ ಇರೂದು ಇದ. ಫ್ಯಾನ್ ಬಂದ್ ಮಾಡಿದಾಗಷ್ಟ ಕೇಳಸ್ತೈತಿ. ಬ್ಯಾಡಾದ್ರ ಅಳಸು.”

ಮಾಳಿಗೆಗೆ ಹೋಗಿ, ಒಣಹಾಕಿದ ಸೀರೆಗಳ ನಡುವೆ ಕೂತು, ಕಿವಿಗೆ ಹಾಕಿಕೊಂಡೆ.

ಮೊದಲು ಏನೂ ಇಲ್ಲ. ಆಮೇಲೆ ದೂರದಿಂದ ಒಂದು ಸ್ವರ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುತ್ತದಲ್ಲ, ಹಾಗೆ. ಆದರೆ ಬಾಟಲಿ ಒಂದು ಊರಿನಷ್ಟು ದೊಡ್ಡದು, ಊದುವವರು ಅವಸರದಲ್ಲಿಲ್ಲ. ಅದು ನಿಧಾನವಾಗಿ ತುಂಬಿತು, ಏರಿತು, ಮೇಲೆಲ್ಲೋ ಒಂದು ತಂತಿ ಕಬ್ಬಿಣಕ್ಕೆ ಬಡಿಯತೊಡಗಿತು, ಟಣ್, ಬಹಳ ಬಿಟ್ಟು ಮತ್ತೆ ಟಣ್. ಮೊದಲ ಸ್ವರದ ಅಡಿಯಿಂದ ಇನ್ನೊಂದು ಎದ್ದಿತು, ಅದಕ್ಕಿಂತ ದಪ್ಪ, ಎದೆಯೊಳಗೆ ಕೇಳುವಂಥದ್ದು. ನಾನು ಎಲ್ಲಿ ಕೂತಿದ್ದೇನೆ ಎಂಬುದು ಮರೆಯಿತು. ಉಕ್ಕಿನ ಉದ್ದನೆಯ ಕೊಳವೆಯೊಳಗೆ, ನೆಲದಿಂದ ಬಹಳ ಮೇಲೆ ಇದ್ದೆ; ಆಷಾಢದ ಗಾಳಿ ಹೊರಗೆ ಕೈಯಾಡಿಸುತ್ತ ಹೋಗುತ್ತಿತ್ತು. ನನ್ನ ಸುತ್ತ ಸೀರೆಗಳು ಅದೇ ಗಾಳಿಗೆ ಉಬ್ಬುತ್ತಿದ್ದವು; ಯಾವುದು ಕಿವಿಯೊಳಗಿನದು, ಯಾವುದು ಹೊರಗಿನದು ತಿಳಿಯಲಿಲ್ಲ.

ಕೊನೆಯ ಹತ್ತಿರ ಕೆಳಗಿನಿಂದ ಯಾರೋ ಕೂಗುತ್ತಾರೆ, ಇಳೀತಿಯೋ ಇಲ್ಲೋ ಎಂದು. ಅವನು ಉತ್ತರ ಕೊಡುವುದಿಲ್ಲ. ಅವನ ಉಸಿರು ಮಾತ್ರ ಹತ್ತಿರದಲ್ಲಿದೆ, ನಿಧಾನ, ಹಿಡಿದು ಹಿಡಿದು ಬಿಡುತ್ತಿದ್ದಾನೆ, ರೆಕಾರ್ಡಿಂಗ್ ಕೆಡಬಾರದೆಂದು.

ಯಾರೂ ಕೇಳದ ಹಾಡು ಹುಡುಕುತ್ತೇನೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದವಳು ನಾನು.

ಮೂರು ಸಲ ಕೇಳಿದೆ. ನಾಲ್ಕನೆಯ ಸಲ ಉಸಿರು ಬರುವ ಜಾಗಕ್ಕೆ ನೇರ ಹೋದೆ. ಅವ್ವ ಊಟಕ್ಕೆ ಕರೆದದ್ದು ಕೇಳಲೇ ಇಲ್ಲ.

ಸಂಜೆ “ಊಟ ಆತ?” ಬರುವ ಮೊದಲೇ ನಾನು ಕಳಿಸಿದೆ: “ಏಣಿ ಇಳಿಯುವಾಗ ಜ್ವಾಕಿ.” ನಾನು ಬರೆದದ್ದರಲ್ಲೇ ಅತಿ ಸಣ್ಣ ಉತ್ತರ ಅದು. ಅವನು ಏನೂ ಬರೆಯಲಿಲ್ಲ. ಆದರೆ ಬಹಳ ಹೊತ್ತು ‘ಟೈಪಿಂಗ್’ ಎಂದು ತೋರಿಸುತ್ತಲೇ ಇತ್ತು.

ಜುಲೈ 15, ಮಂಗಳವಾರ

ಅತ್ತೆಯ ಮುಖ ನೋಡಬಾರದು, ಸರಿ. ಹಾಡು ಕಳಿಸಬಾರದೆಂದು ಯಾವ ಪದ್ಧತಿಯೂ ಹೇಳಿಲ್ಲ. ಅವನ ಗಾಳಿಯನ್ನು ನಿನ್ನೆ ಅತ್ತೆಯ ಫೋನಿಗೆ ಕಳಿಸಿ, ಕಾಶೀಂಬಿಗೆ ಫೋನು ಮಾಡಿ, ಹಾಡುಗಳ ನಡುವೆ ಸುಮ್ಮನೆ ಹಚ್ಚಿಬಿಡು, ಏನು ಎತ್ತ ಹೇಳಬೇಡ ಎಂದೆ. ಮದಲಗಿತ್ತಿಗೆ ಆಷಾಢದಲ್ಲೂ ಆಟ ಎಂದು ಬೈದಳು. ಮಾಡುತ್ತೇನೆ ಎಂದಳು.

ಈಗ ಅಮರೇಶ ಬರೆದಿದ್ದಾನೆ. ಅವನು ಇಷ್ಟುದ್ದ ಬರೆದದ್ದನ್ನು ನಾನು ನೋಡಿಯೇ ಇರಲಿಲ್ಲ:

“ಅವ್ವ ಮಗ್ಗ ನಿಲ್ಲಿಸಿದ್ಲಂತ. ಮುಗದ ಮ್ಯಾಲೂ ಲಾಳಿ ಹಿಡೀಲಿಲ್ಲಂತ. ಸಂಜಿಮುಂದ ನಾ ಬಂದಕೂಡ್ಲೆ ಕೇಳಿದ್ಲು, ಇವತ್ತೊಂದು ಬಂದಿತ್ತು, ಅದು ಯಾವ ದೇಶದ್ದು ನೋಡು ಅಂತ. ದೊಡ್ಡ ಮನಿಯಾಗ ಒಬ್ಬರ ಇದ್ದು ಯಾರಿಗೂ ತ್ರಾಸ ಕೊಡಬಾರದಂತ ಸಣ್ಣಗೆ ಗುಣುಗಿದಾಂಗ ಐತಿ ಅಂದ್ಲು. ಇದು ಅವ್ವನ ಮಾತು, ನಂದಲ್ಲ. ನಾ ಏನೂ ಹೇಳಿಲ್ಲ. ನೀ ಬಂದು ಹೇಳು.”

‘ಇದು ಅವ್ವನ ಮಾತು, ನಂದಲ್ಲ’ ಎಂಬುದನ್ನು ಓದಿ ನಗಲು ಹೋಗಿ ಅಳು ಬಂತು.

ಅಡುಗೆ ಮನೆಗೆ ಹೋಗಿ, ಪಂಚಮಿ ಮುಗಿದ ಮೇಲೆ ಹೊರಡುತ್ತೇನೆ ಎಂದು ಅವ್ವನಿಗೆ ಹೇಳಿದೆ. “ಉಂಡಿ ಎರಡ ಡಬ್ಬಿ ಮಾಡ್ಲೇನು, ಮೂರ?” ಎಂದಳು.

ಜುಲೈ 31, ಗುರುವಾರ
ಗಜೇಂದ್ರಗಡ

ಮಧ್ಯಾಹ್ನದ ಬಸ್ಸಿಗೆ ಬಂದೆ. ಇಟಗಿಯ ಹತ್ತಿರ ರಸ್ತೆ ಇನ್ನೂ ಕೆಟ್ಟೇ ಇದೆ. ಗುಡ್ಡದ ಸಾಲು ಕಂಡ ಕೂಡಲೆ ಯಾವ ಫ್ಯಾನು ನಿಂತಿದೆ ಎಂದು ನೋಡಿದೆ. ಒಂದು ನಿಂತಿತ್ತು.

ಅತ್ತೆ ಹೊಸ್ತಿಲಲ್ಲಿ ನನ್ನ ಮುಖ ನೋಡಿ, ಸೊರಗಿದ್ದೀ ಎಂದರು. ಉಂಡಿ ಡಬ್ಬಿ ಒಳಗಿಟ್ಟು, ಅವರ ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದೆ. ಮೊದಲು ನನ್ನ ಕಥೆ ಹೇಳಿದೆ: ಐದು ತಿಂಗಳ ಸಂಜೆಗಳ ಹಾಡುಗಳು ಎಲ್ಲಿಗೆ ಹೋಗುತ್ತಿದ್ದವು, ಅವರ ಮಾತುಗಳನ್ನು ಯಾರು ಓದುತ್ತಿದ್ದರು ಎಂದು. ಅವರಿಗೆ ನೋವಾಗುತ್ತದೆ ಎಂದು ಹೆದರಿದ್ದೆ. ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟರು. “ಹಂಗಾದ್ರ ನಿನ್ನ ಜೋಡಿ ಲಗ್ನದ ಮಾತ ನಾನ ಆಡೀನೇನ? ಯವ್ವಾ, ಮೊದಲ ಗೊತ್ತಿದ್ರ ಇನ್ನೀಟು ಚಂದ ಮಾಡಿ ಹೇಳ್ತಿದ್ದೆ.” ಸ್ವಲ್ಪ ಹೊತ್ತಿಗೆ ನಗು ನಿಂತಿತು. “ಅದಕ್ಕ ಬಂದು ಕುಂದರತಿದ್ನಾ ಅಂವಾ,” ಎಂದರು, ನನಗಲ್ಲ.

ಆಗ ನಾನು ಗುಡ್ಡದ ಕಡೆ ಕೈ ತೋರಿಸಿ, ಮೊನ್ನೆ ಬಂದ ಆ ಹಾಡು ಯಾವ ದೇಶದ್ದೂ ಅಲ್ಲ, ಅಲ್ಲಿಯದು ಎಂದೆ. ಫ್ಯಾನು ನಿಲ್ಲಿಸಿದಾಗ ಅದರೊಳಗೆ ಗಾಳಿ ಹಾಗೆ ಹಾಡುತ್ತದೆ. ಕೊನೆಯಲ್ಲಿ ಕೇಳುವ ಉಸಿರು ನಿಮ್ಮ ಮಗನದು.

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ನಿಂತಿದ್ದ ಆ ಒಂದು ಫ್ಯಾನು ಅಷ್ಟು ದೂರದಿಂದ ಒಂದು ಸೂಜಿಯ ಹಾಗೆ ಕಾಣುತ್ತಿತ್ತು. ಇಷ್ಟು ವರ್ಷ ಅದರ ಕೆಳಗೇ ಇದ್ದವರು.

“ಅಷ್ಟ ಮ್ಯಾಲ,” ಎಂದರು. “ಅಷ್ಟ ಮ್ಯಾಲ ಅಂವಾ ಒಬ್ಬನ ಇರ್ತಾನನ?”

ಸಂಜೆ ಅಮರೇಶ ಬಂದ. ನನ್ನನ್ನು ನೋಡಿ ಪಡಸಾಲೆಯಲ್ಲೇ ನಿಂತುಬಿಟ್ಟ. ಬೂಟು ಬಿಚ್ಚಿ ಕೊಡಲಿ ಎಂದು ನಾನು ಕಾದು ನಿಂತೆ, ಅವನು ಕೊಡಲಿಲ್ಲ, ತಾನೇ ಗೋಡೆಗೆ ಒರಗಿಸಿಟ್ಟ. ಮಗ್ಗದ ಕೋಣೆಯಿಂದ ಅತ್ತೆ ಕರೆದರು. ಒಳಗೆ ಹೋಗಿ ಅವನು ಮೊದಲಿನ ಜಾಗದಲ್ಲಿ, ಮಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತ. ನಾನು ಆಚೆ ಬದಿ, ಎರಡನೆಯ ಮಗ್ಗವಿದ್ದ ಜಾಗದಲ್ಲಿ ಕೂತೆ.

“ಇವತ್ತ ಯಾವುದಕ್ಕ ನಿಂತಿ, ಅವ್ವಾ?” ಎಂದು ಗೂಡಿನಲ್ಲಿದ್ದ ಫೋನಿಗೆ ಕೈ ಚಾಚಿದ.

“ಇವತ್ತ ಯಾವುದಕ್ಕೂ ನಿಂತಿಲ್ಲ. ಅದನ್ನ ಅಲ್ಲೇ ಇಡು.” ಅತ್ತೆ ಲಾಳಿಯನ್ನು ಕೆಳಗಿಟ್ಟರು. “ಇವತ್ತ ನೀ ಹೇಳು. ಅಲ್ಲಿ ಮತ್ತ ಏನೇನ ಕೇಳಸ್ತೈತಿ?”

ಅವನು ನನ್ನನ್ನು ನೋಡಿದ, ಅವ್ವನನ್ನು ನೋಡಿದ. ಫೋನಿಗೆ ಚಾಚಿದ್ದ ಕೈ ಹಿಂದೆಳೆದುಕೊಂಡ.

“ಮಳಿ ಬರೂಕಿಂತ ಮೊದಲ,” ಎಂದ, “ಬ್ಯಾರೆ ಇರ್ತೈತಿ.”